ಹುಳದ ಬೆಳೆಗೆ ಬಂದ ಪರಿಹಾರ

ಮೊನ್ನೆ ಕೋಲಾರದ ಬಸ್ಸಿನಲ್ಲಿ ಯಾರೋ ಒದ್ದೆ ಗೋಣಿಯಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪು ತಂದಿಟ್ಟರು. ಆ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಸುಗಟೂರಿನ ಹೊಸ ಸೊಸೆಯಾಗಿಬಿಟ್ಟೆ. ನಗಬೇಡಿ, ನಾನೂ ಒಂದು ಕಾಲಕ್ಕೆ ಹೊಸ ಸೊಸೆಯಾಗಿದ್ದವಳೇ.

ಎರಡನೇ ಮಹಾಯುದ್ಧದ ಕಾಲ. ಪ್ಯಾರಾಚೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ಮಾವ ತೀರಿಕೊಂಡಿದ್ದರು. ನಮ್ಮವರು ಮುಳಬಾಗಿಲಿನಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬರುತ್ತಿದ್ದರು. ತೋಟ, ಹುಳ ಎಲ್ಲ ಅತ್ತೆಯದೇ. ಹುಳಗಳಿಗೆ ನಡುಮನೆ, ನಮಗೆ ಜಗುಲಿ! ಮಾಲೂರು ಪೇಟೆಯಲ್ಲಿ ಬೆಳೆದ ನನಗೋ ಹುಳ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಸೊಪ್ಪು ಹಾಕುತ್ತಿದ್ದೆ, ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ.

ಇನ್ನೇನು ವಾರದಲ್ಲಿ ಹುಳ ಗೂಡು ಕಟ್ಟಬೇಕು, ಹೊಟ್ಟೆಬಾಕರ ಹಾಗೆ ತಿನ್ನುವ ಹೊತ್ತು. ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ತೋಟದಲ್ಲಿ ಬರೀ ಕಡ್ಡಿ ಉಳಿಯಿತು. ಅತ್ತೆ ಕುಕ್ಕೆ ಹೊತ್ತು ಸುತ್ತಲ ಹಳ್ಳಿಗಳಿಗೆಲ್ಲ ಸೊಪ್ಪಿಗೆ ಅಲೆದರು. ಅಲ್ಲೂ ಅದೇ ಗತಿ. ನಾಲ್ಕನೇ ದಿನ ಸತ್ತ ಹುಳವನ್ನೆಲ್ಲ ತಿಪ್ಪೆಗೆ ಸುರಿದೆವು. ಅತ್ತೆ ಅಳಲಿಲ್ಲ. ನನಗೆ, ನಿಜ ಹೇಳಲೇ, ಒಳಗೊಳಗೇ ಖುಷಿ. ಇನ್ನು ನಡುಮನೆ ನಮ್ಮದು!

ಬೆಳೆ ಹೋದವರಿಗೆ ಸರ್ಕಾರ ತುರ್ತು ಪರಿಹಾರ ಕೊಡುತ್ತದೆಂದು ತಮಟೆ ಹೊಡೆದು ಸಾರಿದರು. ನಷ್ಟ ನೋಡಲು ಕಂದಾಯದ ಶೇಕದಾರರು ಬರುವ ಹೊತ್ತಿಗೆ ಮೂರು ವಾರವಾಗಿ, ತೋಟ ಚಿಗುರಿ ನಳನಳಿಸುತ್ತಿತ್ತು.

"ಅಕ್ಕಾ, ಚಿಗುರೆಲ್ಲ ಸವರಿಬಿಡು, ಕಡ್ಡಿ ತೋರ್ಸು" ಎಂದ ಪಕ್ಕದ ತೋಟದ ಪುಟ್ಟಣ್ಣ.

"ಪಾಪ, ಅಷ್ಟು ಏಟು ತಿಂದು ಚಿಗುರೈತೆ. ನನ್ ಕೈಲಾಗಲ್ಲಪ್ಪ" ಎಂದರು ಅತ್ತೆ.

ಶೇಕದಾರರು ತೋಟ ನೋಡಿ, "ಏನಮ್ಮಾ, ನಷ್ಟ ಎಲ್ಲಿ?" ಎಂದರು. ಅತ್ತೆ ಅವರನ್ನು ನಡುಮನೆಗೆ ಕರೆತಂದು ಖಾಲಿ ತಟ್ಟೆಗಳನ್ನು ತೋರಿಸಿದರು.

"ಸೊಪ್ಪು ಬಂತು ಸ್ವಾಮಿ. ಹುಳ ಬರ್ಲಿಲ್ಲ."

"ಪರಿಹಾರ ಬೆಳೆಗೆ ಕಣಮ್ಮಾ, ಹುಳಕ್ಕಲ್ಲ."

"ಸೊಪ್ಪನ್ನ ನಾವೇನು ಸಾರು ಮಾಡ್ಕೊಂಡು ತಿಂತೀವಾ? ಹುಳಾನೇ ನಮ್ ಬೆಳೆ."

ಶೇಕದಾರರು ಬಾಗಿಲ ಮರೆಯಲ್ಲಿದ್ದ ನನ್ನತ್ತ ತಿರುಗಿದರು. "ನೀನು ಹೇಳಮ್ಮಾ. ಈ ಹುಳ ಸಾಕೋದನ್ನ ಏನಂತೀರಿ?"

"ಹುಳದ ಬೆಳೆ ಅಂತೀವಿ ಸ್ವಾಮಿ. ಎಲ್ಲಾ ಹೋಯ್ತು" ಎಂದೆ. ಅಷ್ಟೇ. ಖಾಲಿ ಕುಕ್ಕೆ ಹೊತ್ತು ವಾಪಸು ಬಂದ ಅತ್ತೆಯ ಬೊಬ್ಬೆಯೆದ್ದ ಕಾಲು ಕಣ್ಣಿಗೆ ಕಟ್ಟಿ, ಹುಳ ಕಂಡರಾಗದ ನಾನು ಹೋ ಎಂದು ಅತ್ತುಬಿಟ್ಟೆ. ಶೇಕದಾರರು ಗಾಬರಿಯಾಗಿ, "ಆಯ್ತಮ್ಮಾ, ಆಯ್ತು" ಎನ್ನುತ್ತಾ ಬೆಳೆ ಪೂರ್ತಿ ನಷ್ಟವೆಂದು ಬರೆದುಕೊಂಡರು.

ಪರಿಹಾರ ಬಂದ ವಾರವೇ ಅತ್ತೆ ಹುಳದ ಹೊಸ ಮೊಟ್ಟೆ ತಂದು ನನ್ನ ಕೈಗಿಟ್ಟರು. "ಈ ಬೆಳೆ ನಿಂದು."

ತಡೆಯಲಾಗಲಿಲ್ಲ. "ಅತ್ತೆ, ಹುಳ ಸತ್ತಾಗ ನಂಗೆ ಖುಷಿಯಾಗಿತ್ತು" ಎಂದೆ.

"ಗೊತ್ತು ಕಣೇ. ಅವತ್ತು ತಟ್ಟೆ ತೊಳೆಯೋವಾಗ ಹಾಡು ಹೇಳ್ಕೊಂತಿದ್ದೆ" ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಇಷ್ಟು ವರ್ಷ ಇದನ್ನು ಅತ್ತೆಯ ಜಾಣತನದ ಕತೆಯೆಂದೇ ಹೇಳುತ್ತಾ ಬಂದೆ, ನನ್ನ ಹಾಡಿನ ಭಾಗವನ್ನು ನುಂಗಿಬಿಡುತ್ತಿದ್ದೆ. ಈಗ ನಾನೇ ಅತ್ತೆ. ಬರೆದದ್ದನ್ನು ನನ್ನ ಸೊಸೆ ಓದಿಯೇ ಓದುತ್ತಾಳೆ. ಓದಲಿ. ನಾನು ಊರಿಗೆ ಹೊರಟಾಗಲೆಲ್ಲ ಅಡುಗೆಮನೆಯಲ್ಲಿ ಮೆಲ್ಲಗೆ ಗುನುಗುತ್ತಾಳೆ; ಇನ್ನು ಮೇಲೆ ಗಟ್ಟಿಯಾಗಿಯೇ ಹಾಡಲಿ.