ಓಲೆ ಬಿಚ್ಚದ ಕಿವಿಗೊಂದು ಹೆಡ್‌ಫೋನು

ನಮ್ಮ ಮನೆಗೆ ಹೆಡ್‌ಫೋನು ಬಂದದ್ದು ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಗುಜರಿ ಅಂಗಡಿಯಿಂದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಸಾಕಿದ ಸಾಮಾನು, ಕಡಲೆಪುರಿ ಬೆಲೆಗೆ ಸಿಕ್ಕಿತು ಅಂತ ಅಣ್ಣ ಹೇಳಿದ. ಅದನ್ನು ಟವೆಲ್ಲಿನಲ್ಲಿ ಸುತ್ತಿ, ಆಗತಾನೇ ಹೆಣ್ಣು ನೋಡಿಕೊಂಡು ಬಂದವನ ಮುಖ ಮಾಡಿಕೊಂಡು ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಗೆ ತಂದಿದ್ದ. ಎರಡು ಕಪ್ಪು ಬಿಲ್ಲೆ, ಅವನ್ನು ಜೋಡಿಸುವ ಒಂದು ಕಬ್ಬಿಣದ ಪಟ್ಟಿ, ನಾಯಿ ಅಗಿದಂತಿದ್ದ ಒಂದು ವೈರು. ತಲೆಗೆ ಹಾಕಿಕೊಂಡರೆ ಕಿವಿಗಳೆರಡೂ ಇಕ್ಕಳಕ್ಕೆ ಸಿಕ್ಕ ಹಾಗೆ.

ಅಣ್ಣನಿಗೆ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ. ಕರೆಂಟೂ ಬೇಡ, ಬ್ಯಾಟರಿಯೂ ಬೇಡ ಅನ್ನುವಂಥ ಹರಳು ರೇಡಿಯೋ ಒಂದನ್ನು ಮರದ ಹಲಗೆಯ ಮೇಲೆ ಕಟ್ಟಿದ್ದ. ಅದಕ್ಕೆ ಕೋಣೆಗೆಲ್ಲ ಕೇಳಿಸುವ ತ್ರಾಣವಿಲ್ಲ, ಹೆಡ್‌ಫೋನಿನಲ್ಲೇ ಕೇಳಬೇಕು. ಒಂದು ತಂತಿ ಸೂರಿನಿಂದ ನುಗ್ಗೆಮರಕ್ಕೆ ಹೋಗಿತ್ತು, ಇನ್ನೊಂದು ಬೀದಿ ನಲ್ಲಿಯ ಪೈಪಿಗೆ. ನಲ್ಲಿಗೆ ಕರೆಂಟು ಬಿಟ್ಟಿದ್ದಾನೆ ಅಂತ ಲೈನಿನ ಹೆಂಗಸರೆಲ್ಲ ಬಿಂದಿಗೆ ಹಿಡಿದು ದೂರ ನಿಂತರು. ಅಣ್ಣ ಪೈಪನ್ನು ತಬ್ಬಿಕೊಂಡು ತೋರಿಸಿದ ಮೇಲೇ ಅವತ್ತು ಎಲ್ಲರ ಮನೆಗೆ ನೀರು.

ರೇಡಿಯೋದಲ್ಲಿ ಬೆಂಗಳೂರು ಸಿಕ್ಕಿದ ದಿನ ನಾವಿಬ್ಬರೂ ಕುಣಿದದ್ದೇ ಕುಣಿದದ್ದು. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿ ತಮಗೆ ಸರಿಯಾಗಿ ಕೇಳದು. ಪಿಸುಗುಟ್ಟುತ್ತಿದ್ದೇವೆ ಅಂದುಕೊಂಡು ಕಿರುಚುತ್ತಿದ್ದೆವು. "ಕಳ್ಳೆಕಾಯಿ ರೇಟು ಏಳ್ತಾವ್ನೆ" ಅಂತ ಅಣ್ಣ ಕೂಗಿದ್ದಕ್ಕೆ ಪಕ್ಕದ ಮನೆಯಾಕೆ ಚೀಲ ಹಿಡಿದುಕೊಂಡು ಆಚೆ ಬಂದಳು.

ಅದೇ ವಾರ ಬಾವ ಬಂದು ಸುದ್ದಿ ಹೇಳಿದರು. ಬರುವ ಗುರುವಾರ ಮಧ್ಯಾಹ್ನ ರೇಡಿಯೋದ ಹೆಂಗಸರ ಕಾರ್ಯಕ್ರಮದಲ್ಲಿ ಅಕ್ಕ ಹಾಡುತ್ತಾಳೆ, ಅದೂ ಒಬ್ಬಳೇ, ಅಮ್ಮ ಕಲಿಸಿದ ರಾಗಿ ಬೀಸುವ ಪದ. ಅಕ್ಕ ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಅವಳ ಹಾಡು ಕೇಳಿರಲಿಲ್ಲ. ಹಬ್ಬಕ್ಕೆ ಬಂದರೂ ಮಾತು, ನಗು, ಬಸ್ಸಿನ ಹೊತ್ತು, ಅಷ್ಟೇ. ಅಮ್ಮ ಸೌಟು ಹಿಡಿದುಕೊಂಡೇ ಒಲೆಯ ಮುಂದೆ ಕೂತುಬಿಟ್ಟಳು. "ನಂಗೆ ಅದು ಕೇಳ್ಬೇಕು ಕಣ್ರೇ," ಅಂದಳು. ಅಮ್ಮ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಟೀ ಅಂಗಡಿಯಲ್ಲಿ ದೊಡ್ಡ ರೇಡಿಯೋ ಇತ್ತು, ಆದರೆ ಅಲ್ಲಿ ಸಿನಿಮಾ ಹಾಡು ಬಿಟ್ಟು ಬೇರೆ ಹಾಕರು, ಅಮ್ಮ ಅಲ್ಲಿಗೆ ಹೋಗಿ ಕೂರುವವಳೂ ಅಲ್ಲ. ಉಳಿದದ್ದು ನಮ್ಮ ಇಕ್ಕಳವೇ.

ತೊಡಕು ಶುರುವಾದದ್ದು ಅಮ್ಮನ ಕಿವಿಯಲ್ಲಿ. ಕೆಳಗೆ ಅಗಲವಾದ ಕೆಂಪು ಹರಳಿನ ಓಲೆ, ಅದರ ಹಿಂದೆ ಚುಚ್ಚುವ ತಿರುಪು, ಮೇಲ್ಗಡೆ ಕೊಪ್ಪು. ಮಿಲಿಟರಿಯವರು ಇದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಬಿಲ್ಲೆ ಒತ್ತಿದ ಕೂಡಲೇ ಅಮ್ಮನ ಕಣ್ಣಲ್ಲಿ ನೀರು.

"ಅರ್ಧ ಗಂಟೆ ಓಲೆ ಬಿಚ್ಚಿಡಮ್ಮ," ಅಂದ ಅಣ್ಣ.

"ಗುರುವಾರ ಮದ್ಯಾನ ನಿಮ್ಮಪ್ಪ ಎಲ್ಲಿರ್ತಾನೆ?"

ಅಪ್ಪನಿಗೆ ಬೆಳಗಿನ ಶಿಫ್ಟು. ಆ ಹೊತ್ತಿನಲ್ಲಿ ನೆಲದ ಕೆಳಗೆ ಎಲ್ಲೋ ಬಂಡೆ ಕೊರೆಯುತ್ತಿರುತ್ತಾನೆ.

"ಅವ್ನು ಗಣಿ ಒಳಗಿರುವಾಗ ನಾನು ಓಲೆ ಬಿಚ್ಚಿ ಪದ ಕೇಳ್ಲಾ? ಬಾಯ್ ಮುಚ್ಕೊಂಡು ಬೇರೆ ದಾರಿ ನೋಡೋ."

ಅಪ್ಪನೇ ಆ ಸಂಜೆ, "ಬಿಚ್ಚು, ನಂಗೇನೂ ಆಗಕಿಲ್ಲ," ಅಂದ. ಅಮ್ಮ ಓಲೆಯ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡಳು. ಕೆಳಗೆ ಬಂಡೆ ಸಿಡಿದಾಗಲೆಲ್ಲ ನಮ್ಮ ಗೂಡಿನ ಲೋಟಗಳು ಗಲಗಲ ಅನ್ನುತ್ತಿದ್ದವು. ಆಗ ನಮ್ಮ ಲೈನಿನ ಪ್ರತಿಯೊಬ್ಬ ಹೆಂಗಸಿನ ಕೈ ಮೊದಲು ಹೋಗುತ್ತಿದ್ದದ್ದು ಕತ್ತಿನ ತಾಳಿಗೆ, ಕಿವಿಯ ಓಲೆಗೆ.

ಹಾಗಾಗಿ ಹೆಡ್‌ಫೋನೇ ಬಗ್ಗಬೇಕಾಯಿತು. ಹೊಲಿಗೆ ಅಂದರೆ ನಾನು, ನಾನು ಅಂದರೆ ಹೊಲಿಗೆ ಅನ್ನುವ ಜಂಬ ನನಗಿತ್ತು. ಹಳೇ ದಿಂಬಿನ ಹತ್ತಿ ಕಿತ್ತು, ಇಡ್ಲಿ ಗಾತ್ರದ ಎರಡು ಮೆತ್ತೆ ಹೊಲಿದು ಬಿಲ್ಲೆಗಳಿಗೆ ಕಟ್ಟಿದೆ. ಮೆತ್ತಗೇನೋ ಇತ್ತು. ಅಮ್ಮ ಹಾಕಿಕೊಂಡು, "ಯಾರೋ ಬಾವಿ ಒಳಗೆ ಬಿದ್ದು ಕೂಗ್ತಾವ್ರೆ," ಅಂದಳು. ಹತ್ತಿ ಸದ್ದನ್ನೆಲ್ಲ ನುಂಗಿತ್ತು. ಅಣ್ಣ ನಕ್ಕ. ನಾನು ಒಂದು ಮೆತ್ತೆ ಕಿತ್ತು ಅವನ ಮುಖಕ್ಕೆ ಎಸೆದೆ. ಅವನು ತನ್ನ ಬುದ್ಧಿ ಖರ್ಚು ಮಾಡಿ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ. ಅದು ಬೆವರಿಗೆ ಅಂಟಿಕೊಂಡು, ಬಿಡಿಸುವಾಗ ಅಮ್ಮನ ಕೂದಲನ್ನೂ ಕಿತ್ತುಕೊಂಡು ಬಂತು. ಈಗ ನಗುವ ಸರದಿ ನನ್ನದು.

ಮಂಗಳವಾರ ಬೆಳಗ್ಗೆ ಅಮ್ಮ ತಲೆಯ ಮೇಲೆ ಬಿಂದಿಗೆ ಹೊತ್ತು ನಲ್ಲಿಯಿಂದ ಬಂದಳು. ಬಿಂದಿಗೆ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೆಗೆದು ನನ್ನ ತೊಡೆಯ ಮೇಲೆ ಎಸೆದಳು. ನೋಡುತ್ತೇನೆ, ಸುತ್ತ ದಪ್ಪ, ನಡುವೆ ಖಾಲಿ. ಅಷ್ಟು ಭಾರವನ್ನು ಸುತ್ತಲ ದಪ್ಪವೇ ಹೊರುತ್ತದೆ, ನಡುವೆ ಏನಿದ್ದರೂ ಅದಕ್ಕೆ ಪೆಟ್ಟಿಲ್ಲ. "ಕಿವಿಗೆ ಸಿಂಬಿ," ಅಂತ ಹುಚ್ಚಿಯ ಹಾಗೆ ಓಡಾಡಿದೆ. ಹಳೇ ಸೀರೆಯ ಬಟ್ಟೆ ಹೊಸೆದು ಅಂಗೈಯಷ್ಟಗಲದ ಎರಡು ಸಿಂಬಿ ಸುತ್ತಿದೆ. ಮೊದಲನೇ ಜೋಡಿ ತೆಳ್ಳಗಾಗಿ ಓಲೆ ತಾಗಿತು. ಎರಡನೇ ಜೋಡಿಯಲ್ಲಿ ಅಮ್ಮನ ಕಿವಿ, ಓಲೆ, ಕೊಪ್ಪು ಎಲ್ಲವೂ ನಡುವಿನ ಖಾಲಿಯಲ್ಲಿ ಸುಖವಾಗಿ ಕೂತವು. ಹೊರಗಿನ ಸದ್ದು ಒಳಗೆ ನುಸುಳದೆ ರೇಡಿಯೋ ಮೊದಲಿಗಿಂತ ಚೆನ್ನಾಗಿ ಕೇಳತೊಡಗಿತು. ಅಣ್ಣ ತನ್ನ ಟ್ಯೂಬಿನ ಚೂರುಗಳನ್ನು ಗುಡಿಸಿ ಆಚೆ ಹಾಕಿದ. ಸೋತನೆಂದೇ ಅದರ ಅರ್ಥ.

ಆದರೆ ಸಿಂಬಿಯ ದಪ್ಪಕ್ಕೆ ಕಬ್ಬಿಣದ ಪಟ್ಟಿ ಸಾಲದೆ ಪದೇ ಪದೇ ತಲೆಯಿಂದ ಜಾರುತ್ತಿತ್ತು. ಬುಧವಾರ ಅಣ್ಣ ಅದನ್ನು ಮೊಣಕಾಲಿಗೆ ಕೊಟ್ಟು ಅಗಲಿಸಲು ಹೋಗಿ ಟಕ್ಕನೆ ಮುರಿದ. ಬೆಸುಗೆ ಹಾಕಿಸಲು ಹೊತ್ತಿರಲಿಲ್ಲ. ಕೊನೆಗೆ ಪಟ್ಟಿಯನ್ನೇ ಬಿಸಾಕಿ, ಬಿಲ್ಲೆಗಳನ್ನು ಸಿಂಬಿ ಸಮೇತ ಹಳೇ ಸೀರೆಯ ಅಂಚಿನಲ್ಲಿ ಗದ್ದದ ಕೆಳಗಿನಿಂದ ನೆತ್ತಿಗೆ ಕಟ್ಟುವುದೆಂದು ತೀರ್ಮಾನವಾಯಿತು.

ಗುರುವಾರ ಅಣ್ಣ ವರ್ಕ್‌ಶಾಪಿಗೆ ರಜೆ ಹಾಕಿದ. ಅಮ್ಮ ಸ್ನಾನ ಮಾಡಿ, ಕುಂಕುಮ ಇಟ್ಟು, ಹೊಸಿಲ ಹತ್ತಿರ ಚಾಪೆಯ ಮೇಲೆ ಕೂತಳು. ನಾನು ಕಟ್ಟಿದೆ. ಎರಡು ಕೆನ್ನೆಯೂ ಉಬ್ಬಿ, ನೆತ್ತಿಯ ಮೇಲೆ ಗಂಟು. ಪಕ್ಕದ ಮನೆಯಾಕೆ ಇಣುಕಿ, ಹಲ್ಲು ನೋವಿನ ಕಟ್ಟೆಂದುಕೊಂಡು, ತನ್ನ ಅರೆ ತಮಿಳಿನಲ್ಲಿ, "ಎನ್ನಕ್ಕಾ, ಪಲ್ಲು ನೋವಾ? ಲವಂಗ ಇಟ್ಕೋ," ಅಂದಳು. ಅಮ್ಮನಿಗೆ ಅದು ಕೇಳಿಸಲೇ ಇಲ್ಲ. ನಾನೂ ಅಣ್ಣನೂ ಬಾಯಿಗೆ ಸೆರಗು, ಟವೆಲ್ಲು ತುರುಕಿಕೊಂಡು ಗೋಡೆಗೆ ಒರಗಿದೆವು.

ಅಮ್ಮ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿದಳು. ಅಕ್ಕ ಶುರು ಮಾಡಿದ್ದಳು. ಅಮ್ಮನ ತುಟಿ ಮೆಲ್ಲಗೆ ಅಲುಗಿತು, ಬಲಗೈ ಬೀಸುಕಲ್ಲಿನ ಗೂಟ ಹಿಡಿದ ಹಾಗೆ ಸುತ್ತತೊಡಗಿತು. ಆಮೇಲೆ ಹಾಡಿದಳು. ಒಳಗೊಳಗೇ ಗುನುಗುತ್ತಿದ್ದೇನೆ ಅಂದುಕೊಂಡಿದ್ದಳು ಪಾಪ. ಬೂದಿಕೋಟೆ ಕಡೆಯ ತನ್ನ ಊರಿನಲ್ಲಿ, ಬೀಸುಕಲ್ಲಿನ ಸದ್ದನ್ನು ಮೀರಿಸಿ ಹಾಡಿ ಕಲಿತ ಗಂಟಲು ಅದು. ಲೈನಿನ ಈ ತುದಿಯಿಂದ ಆ ತುದಿಯವರೆಗೆ ಬಾಗಿಲುಗಳು ತೆರೆದವು. ಹೆಂಗಸರು ಬಂದು ನಮ್ಮ ಹೊಸಿಲಾಚೆ ಕೂತರು. ಅಕ್ಕನ ದನಿ ನಮಗೆ ಯಾರಿಗೂ ಕೇಳಲಿಲ್ಲ. ಅದಕ್ಕೆ ನನಗೇನೂ ಬೇಸರವಾಗಲಿಲ್ಲ. ಸಂತೋಷ ಉಕ್ಕಿ ಉಕ್ಕಿ ಬರುತ್ತಿತ್ತು.

ಮುಗಿದ ಮೇಲೆ ಅಮ್ಮ ಕಣ್ಣು ಬಿಟ್ಟಳು. ಎದುರಿಗಿದ್ದ ಜನ ನೋಡಿ ಗಾಬರಿಯಾದಳು. "ನಡುವೆ ಒಂದು ನುಡಿ ಮರೆತು ತಡವರಿಸಿದ್ಲು. ನಾನು ಎತ್ಕೊಟ್ಟೆ. ಆಮೇಲೆ ಸರಿಯಾಗೇ ಏಳುದ್ಲು," ಅಂದಳು. ಇಲ್ಲಿಂದ ಹಾಡಿದರೆ ಅಲ್ಲಿಗೆ ಕೇಳುವುದಿಲ್ಲ ಅಂತ ಅಣ್ಣ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಶಿಫ್ಟು ಮುಗಿಸಿ ಬಂದ ಅಪ್ಪ ಕೈಕಾಲು ತೊಳೆದು ಮುದ್ದೆಯ ಮುಂದೆ ಕೂತು, "ಎಂಗೇಳುದ್ಲು ಮಗಳು?" ಅಂತ ಕೇಳಿದ.

ಮಧ್ಯಾಹ್ನ ಇಡೀ ಲೈನಿಗೆ ಹಾಡಿದ್ದ ಅಮ್ಮ ಈಗ ನಾಚಿಕೊಂಡಳು. ಬಾಗಿಲು ಮುಂದೆ ಮಾಡಿ ಬಂದು, ಅವನಿಗಷ್ಟೇ ಕೇಳುವ ಹಾಗೆ, ಅಕ್ಕ ತಡವರಿಸಿದ ಕಡೆ ತಾನೂ ತಡವರಿಸಿ, ಪೂರಾ ಹಾಡಿದಳು. ಮುರಿದ ತುತ್ತು ಅಪ್ಪನ ಕೈಯಲ್ಲೇ ಇತ್ತು. ಹಾಡು ಮುಗಿದ ಮೇಲೂ ಅವನು ಅದನ್ನು ಸಾರಿಗೆ ಅದ್ದಲಿಲ್ಲ.

"ಅವಳ್ದೇ ದನಿ," ಅಂದ. "ನಮ್ಮ ಮಗಳ್ದೇ."