ಮುಗಿಯದ ಹಾಸು

ಗಂಜಿಯ ವಾಸನೆ ಮೂಗಿಗೆ ಬಡಿದಾಗ ನಾನು ಇಟಲಿಯ ಒಂದು ಸಣ್ಣ ಊರಿನಲ್ಲಿದ್ದೆ. ಕಡಿದಾದ ಬಂಡೆಯ ನೆತ್ತಿಯ ಮೇಲೆ ಮನೆಗಳು, ಕೆಳಗೆ ಸಮುದ್ರ. ಹೊಸ ಮಗ್ಗದ ಯಂತ್ರ ನೋಡಲು ಬನಹಟ್ಟಿಯಿಂದ ಅಷ್ಟು ದೂರ ಹೋದವನಿಗೆ ಕೊನೆಗೆ ಒಂದು ದಿನ ಬಿಡುವು ಸಿಕ್ಕಿತ್ತು. ನಮ್ಮ ಜೊತೆಗಿದ್ದ ದುಭಾಷಿ ಹೆಣ್ಣುಮಗಳು ಬಹಳ ಶಾಂತವಾದ ಊರು ಎಂದು ಹೇಳಿ ಕರೆದುಕೊಂಡು ಹೋಗಿದ್ದಳು. ಶಾಂತವೇನೋ ಹೌದು. ಆದರೆ ಹಗಲೂ ರಾತ್ರಿ ಪವರ್‌ಲೂಮ್ ಬಡಿಯುವ ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮೌನ ಎಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಮೆಟ್ಟಿಲು ಹತ್ತುತ್ತ ಹತ್ತುತ್ತ ನನಗೆ ಚಡಪಡಿಕೆ ಶುರುವಾಯಿತು.

ಒಂದು ಬಾಗಿಲ ಮುಂದೆ ಮುದುಕಿಯೊಬ್ಬಳು ಗಂಜಿ ಹಾಕಿದ ಬಿಳಿ ಅರಿವೆಯನ್ನು ಹಗ್ಗದ ಮೇಲೆ ಹರವುತ್ತಿದ್ದಳು. ಆ ಓಣಿಯ ಉಳಿದ ಮನೆಗಳೆಲ್ಲ ಪ್ರವಾಸಿಗರ ಕೋಣೆಗಳಾಗಿವೆಯಂತೆ. ಈಕೆ ಮಾತ್ರ ಯಾರು ಬಂದು ಕೇಳಿದರೂ ಮನೆ ಕೊಟ್ಟಿಲ್ಲ ಎಂದಳು ದುಭಾಷಿ. ನಾನು ನಿಂತುಬಿಟ್ಟೆ. ಕಣ್ಣ ಮುಂದೆ ಬಂದವಳು ನಮ್ಮ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಕುಣಿಮಗ್ಗಕ್ಕೆ ಆಕೆಯೇ ಕೂತಳು. ಪಡಸಾಲೆಯ ನೆಲದಲ್ಲಿ ತೋಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆಕೆಯ ಸೆರಗಿಗೆ ಸದಾ ನೂಲಿಗೆ ಹಚ್ಚುವ ಗಂಜಿಯ ವಾಸನೆ...

ಮನೆಯಲ್ಲಿ ಪವರ್‌ಲೂಮ್ ಹಾಕುವುದೆಂದು ತೀರ್ಮಾನವಾದಾಗ ಅಡ್ಡ ಬಂದದ್ದು ಆ ಕುಣಿ. ಮುಚ್ಚಿಬಿಡೋಣ ಎಂದು ಮೊದಲು ಹೇಳಿದವನು ನಾನೇ, ಬಚ್ಚಿಡುವುದಿಲ್ಲ. ದೊಡ್ಡವ್ವ ಜಗಳಕ್ಕೆ ಬರಲಿಲ್ಲ.

"ಈ ಹಾಸು ಮುಗೀಲಿ. ನಡಬರಕ ಮಗ್ಗ ಇಳಸಬಾರ್ದು. ಮುಗಿದ ಮ್ಯಾಲ ಮುಚ್ಕೋರಿ, ನಾ ಏನೂ ಅನ್ನೂದಿಲ್ಲ" ಅಂದಳು.

ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸನ್ನು ಅರ್ಧಕ್ಕೆ ಕತ್ತರಿಸುವುದು ನೇಕಾರರ ಮನೆಯಲ್ಲಿ ಆಗದ ಮಾತು. ನಾವು ಒಪ್ಪಿದೆವು. ಒಂದು ತಿಂಗಳು ಕಾದೆವು, ಎರಡು ತಿಂಗಳು ಕಾದೆವು. ಕುಣಿ ಮುಚ್ಚಬೇಕಾದ ರಬಕವಿಯ ಗೌಂಡಿ ಎರಡು ಸಲ ಬಂದು ಚಹಾ ಕುಡಿದು ಹೋದ. ಹಾಸು ಮಾತ್ರ ಮುಗಿಯಲೊಲ್ಲದು. ಕೊನೆಗೆ ಒಂದು ಮಧ್ಯಾಹ್ನ ನಾನೇ ಕಣ್ಣಾರೆ ಕಂಡೆ. ಹಳೆಯ ಹಾಸು ಇನ್ನು ಒಂದು ಗೇಣು ಇದೆ ಎನ್ನುವಾಗ ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸುತ್ತಿದ್ದಳು. ಎಲ್ಲ ನೇಕಾರರೂ ಮಾಡುವ ಕೆಲಸವೇ. ಹೀಗೆ ಕೂಡಿಸುತ್ತ ಹೋದರೆ ಹಾಸು ಎಂದೂ ಮುಗಿಯದು ಎಂಬುದು ಮಗ್ಗದ ನಡುವೆ ಹುಟ್ಟಿ ಬೆಳೆದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ನೋಡಿ.

ನನಗೆ ಸಿಟ್ಟು ನೆತ್ತಿಗೇರಿತು. "ನಮಗ ಮೋಸ ಮಾಡಿದಿ, ದೊಡ್ಡವ್ವ" ಅಂದೆ.

"ಮೋಸ ಎಲ್ಲೈತೋ? ಹಾಸು ಮುಗದೈತೇನು, ನೀನ ನೋಡು. ಅರ್ಧಕ್ಕ ಕತ್ತರಸೂ ಧೈರ್ಯ ಇದ್ರ ಇಲ್ಲೈತಿ ಕತ್ರಿ, ತಗೋ."

ಕತ್ತರಿಯನ್ನು ಚಾಚಿಯೇ ಹಿಡಿದಿದ್ದಳು. ನಾನು ಮುಟ್ಟಲಿಲ್ಲ. ಯಂತ್ರಗಳನ್ನು ಕುಣಿಯ ಸುತ್ತ ಕೂಡಿಸಿದೆವು.

ಆ ಗದ್ದಲದಲ್ಲಿ ಆಕೆಯ ಲಾಳಿ ಓಡುವ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಕರೆಂಟು ಹೋದ ಕೂಡಲೇ ನಮ್ಮ ಯಂತ್ರಗಳು ಬಾಯಿ ಮುಚ್ಚುತ್ತಿದ್ದವು, ಆಕೆಯ ಮಗ್ಗ ಒಂದೇ ನಡೆಯುತ್ತಿತ್ತು. ಆಗ ಬೇಕೆಂದೇ ಜೋರಾಗಿ ಬಡಿಯುತ್ತಿದ್ದಳು. ಒಮ್ಮೆ ಹಾಗೆ ಕೈಕಟ್ಟಿ ನಿಂತಿದ್ದವನನ್ನು ಕರೆದು, ಬಾ, ಎಳೆ ಕೂಡಿಸುವುದನ್ನಾದರೂ ಕಲಿತುಕೋ ಅಂದಳು. ಈಗ ಯಾರಿಗೆ ಬೇಕು ಅದು ಅಂದಿದ್ದೆ. ಆ ಮಾತು ಆಡಬಾರದಿತ್ತು...

ನಾಲ್ಕು ವರ್ಷದ ಹಿಂದೆ ಹೋದಳು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇದೆ.

ಬಂಡೆಯ ಮೇಲಿನ ಆ ಓಣಿಯಲ್ಲಿ ನಿಂತಿದ್ದಾಗಲೇ ತಮ್ಮನ ಫೋನ್ ಬಂತು.

"ಅಣ್ಣಾ, ಗೌಂಡಿ ಬಂದು ನಿಂತಾನ. ಹೊಸಾ ಯಂತ್ರಕ್ಕ ನೆಲ ಸಪಾಟ ಮಾಡಬೇಕಲ್ಲ. ಕುಣಿ ಮುಚ್ಚಿಸ್ಲೇನು?"

ನಾನು ನೋಡುತ್ತ ನಿಂತದ್ದನ್ನು ಕಂಡ ಆ ಮುದುಕಿ ಅರಿವೆಯ ಅಂಚನ್ನು ನನ್ನ ಕಡೆ ಚಾಚಿದಳು. ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದೆ. ಗಂಜಿ ಹದವಾಗಿ ಕೂತಿತ್ತು.

"ಹಾಸು ಮುಗದೈತೇನು?" ಎಂದು ತಮ್ಮನನ್ನು ಕೇಳಿದೆ.

"ಇಲ್ಲ."

"ಹಂಗಾದ್ರ ಗೌಂಡಿಗೆ ಚಹಾ ಕುಡಿಸಿ ಕಳಸು."

ಊರಿಗೆ ಬಂದ ಮೇಲೆ ಎಲ್ಲರೂ ಬೈದರು, ಬೈಯಲಿ. ಹೊಸ ಯಂತ್ರವೂ ಕುಣಿಯ ಪಕ್ಕಕ್ಕೆ ಸರಿದು ಕೂತಿದೆ. ಆ ಹಾಸಿನ ಎಳೆ ಕೂಡಿಸುವ ಕೈ ನಮ್ಮ ಮನೆಯಲ್ಲಿ ಈಗಿಲ್ಲ, ಅದನ್ನು ನೇಯಬಲ್ಲವರೂ ಇಲ್ಲ. ಹಾಗಾಗಿ ಇನ್ನು ಅದು ಮುಗಿಯುವ ಮಾತೇ ಇಲ್ಲ.