ದೊಡ್ಡಗಂಗಮ್ಮನ ಬಲಗೈ

ಕ್ಯಾಲನೂರಿನ ಜನ ದೊಡ್ಡಗಂಗಮ್ಮನನ್ನು ನೆನೆಯುತ್ತಿದ್ದುದು ಹಸು ಕರೆಯುವ ಹೊತ್ತಿಗೆ ಮಾತ್ರ. ಗಂಡ ತೀರಿಕೊಂಡ ಮೇಲೆ ಆಕೆಯ ಮನೆಯಲ್ಲಿ ಮಾತೆಂಬುದೇ ಇರಲಿಲ್ಲ. ಬೆಳಿಗ್ಗೆ, ಸಂಜೆ ಮೂರು ಮನೆಗಳ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆದರೆ, ಆ ಮನೆಯವರು ಬೈದೋ ನಕ್ಕೋ ನಾಲ್ಕು ಮಾತಾಡುತ್ತಿದ್ದರು. ಅದಕ್ಕಾಗಿಯೇ, ಬಲಗೈ ಸೋಲತೊಡಗಿದ್ದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಮೂರನೆಯ ಮನೆಗೆ ಬರುವಷ್ಟರಲ್ಲಿ ಬೆರಳುಗಳು ಮರಗಟ್ಟುತ್ತಿದ್ದವು. ಗೊತ್ತಾದರೆ ಬೇರೆ ಯಾರನ್ನಾದರೂ ಕರೆಯುತ್ತಾರೆ. ಆಮೇಲೆ ಯಾರ ಬಾಗಿಲಿಗೆ ಹೋಗುವುದು?

ಎರಡು ಸಾವಿರದ ಏಳರಲ್ಲಿ ಕೋಲಾರದ ಕಾಲೇಜೊಂದರಿಂದ ಸಹನ ಎಂಬ ಹುಡುಗಿ ಬಂದಳು. ಹಾಲು ಕರೆಯುವವರ ತೋಳು ಎಷ್ಟು ಬಲ ಹಾಕುತ್ತದೆ, ಯಾವಾಗ ದಣಿಯುತ್ತದೆ ಎಂದು ಅಳೆಯುವುದು ಅವಳ ಓದಿನ ಕೆಲಸ. ಮೂರನೆಯ ಮನೆಯ ಶ್ಯಾಮಲಮ್ಮ ದೊಡ್ಡಗಂಗಮ್ಮನನ್ನು ಕೇಳದೆ ತಾನಾಗಿಯೇ ಒಪ್ಪಿಕೊಂಡುಬಿಟ್ಟಳು.

“ನಮ್ಮ ಗಂಗಮ್ಮಂಗೆ ಕಟ್ಟಮ್ಮ ಆ ಮಿಷನ್ನ. ಅವಳ ಕೈಗೆ ಸಿಕ್ಕಿದ್ರೆ ಗೋಡೆನೂ ಹಾಲು ಕೊಡ್ತದೆ.”

ಬೇಡವೆಂದರೆ ಅನುಮಾನ ಬರುತ್ತದೆ. ದೊಡ್ಡಗಂಗಮ್ಮ ಕೈ ಚಾಚಿದಳು. ನೋವಿಗೆಂದು ಸವರಿಕೊಂಡಿದ್ದ ಹರಳೆಣ್ಣೆಯನ್ನು ಒರೆಸಿ, ಸಹನ ತೋಳಿಗೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ವೈರನ್ನು ಸೊಂಟಕ್ಕೆ ಕಟ್ಟಿದ ಡಬ್ಬಿಗೆ ಸೇರಿಸಿದಳು. ಹಿಂಡಿದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಗೆರೆ ಕುಣಿಯಿತು. ಬಕೆಟ್ ತುಂಬುತ್ತಾ ಬಂದಂತೆ ಬೆರಳು ಮರಗಟ್ಟಿದವು. ಗೆರೆ ಮಾತ್ರ ಇನ್ನೂ ಎತ್ತರಕ್ಕೆ ಏರಿತು.

ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ನಂಬರು ಏರಿದರೆ ಹಿಗ್ಗುವ ಶ್ಯಾಮಲಮ್ಮ ಇದನ್ನೂ ಹಾಗೆಯೇ ತಿಳಿದಳು. “ನೋಡೇ, ಎಷ್ಟು ಮೇಲಕ್ಕೋಯ್ತು. ವಯಸ್ಸಾದಂಗೆಲ್ಲ ಬಲ ಜಾಸ್ತಿ ಆಗ್ತಾ ಐತೆ ಇವಳಿಗೆ” ಎಂದು ಬೀದಿಗೆ ಕೇಳುವಂತೆ ನಕ್ಕು, ಹಾಲು ಹಿಡಿದು ಡೇರಿಗೆ ಹೊರಟಳು.

ದೊಡ್ಡಗಂಗಮ್ಮನಿಗೆ ಜೀವ ಬಂದಂತಾಯಿತು. “ನಿಜವೇನಮ್ಮ? ನನ್ ಕೈ ಗಟ್ಟಿ ಐತಾ?”

ಸಹನ ಒಂದೊಂದಾಗಿ ಬಿಲ್ಲೆ ಕಿತ್ತಳು. “ಹಂಗಲ್ಲಮ್ಮ. ಸುಸ್ತಾದ ಮೇಲೆ ಅಷ್ಟೇ ಹಿಂಡೋಕೂ ತೋಳು ಜಾಸ್ತಿ ಒದ್ದಾಡ್ತದೆ. ಅದಕ್ಕೇ ಗೆರೆ ಏರಿದ್ದು. ನೀವು ಡಾಕ್ಟರಿಗೆ ತೋರಿಸ್ಬೇಕು.”

“ಶ್ಯಾಮಲಮ್ಮಂಗೆ ಹೇಳ್ತೀಯಾ?”

“ನೀವು ಬೇಡ ಅಂದ್ರೆ ಹೇಳಲ್ಲ.”

“ಬೇಡ ಕಣಮ್ಮ.”

ಸಂಜೆಯೊಳಗೆ ಡೇರಿಯಲ್ಲೆಲ್ಲ ಒಂದೇ ಸುದ್ದಿ, ಮಿಷನ್ನೇ ಒಪ್ಪಿದ ಕೈ ಎಂದು. ಆಕೆ ಹಾಲು ಕರೆಯದ ಬೇರೆ ಎರಡು ಮನೆಯ ಹೆಂಗಸರು, ಎಂದೂ ಆ ಕಡೆ ಸುಳಿಯದವರು, ಬಂದು ಆಕೆಯ ಜಗಲಿಯ ಮೇಲೆ ಕೂತರು. ನಾಳೆಯಿಂದ ತಮ್ಮ ಹಸುಗಳನ್ನೂ ಕರೆದುಕೊಡಬೇಕಂತೆ. ಬಲಗೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಆಕೆ ಅವರ ಮಾತು ಕೇಳುತ್ತಾ ಕೂತಳು. ಅವರು ಏಳುವ ಹಾಗೆ ಕಂಡಾಗ, “ಕಾಫಿ ಕುಡ್ಕೊಂಡು ಹೋಗ್ರಮ್ಮ” ಎಂದಳು. “ಬರ್ತೀನಿ. ನಾಳೆಯಿಂದ ನಿಮ್ಮನೆಗೂ ಬರ್ತೀನಿ.”